ಮುಚ್ಚಳದೊಳಗಿನ ಕೃತ್ತಿಕೆ

ಮೊಳಕಾಲ್ಮೂರು
ಶಾಲಿವಾಹನ ಶಕೆ ೨೧೯೦, ಕೀಲಕ ಸಂವತ್ಸರ, ಕಾರ್ತಿಕ ಬಹುಳ ಅಮಾವಾಸ್ಯೆ

ನಮಗಿಂತ ಮುಂಚೆ ಆಕಾಶ ನೋಡಿದವರಿಗೆ,

ಅಮಾವಾಸ್ಯೆ ಎಂದು ಬರೆದದ್ದು ಪಂಚಾಂಗದ ಮರ್ಯಾದೆಗೆ. ಸೂರ್ಯ ಮುಳುಗಿದ ಮೇಲೂ ಕಿಟಕಿಯ ಬಳಿ ದೀಪವಿಲ್ಲದೆ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ, ನಿಮ್ಮ ‘ಕಗ್ಗತ್ತಲು’ ಎಂಬ ಪದ ನನಗೂ ಹಾಗೆಯೇ ಕೇಳಿಸುತ್ತದೆ. ಇಲ್ಲಿ ಸಂಜೆಯಾದರೆ ಬಾನಗನ್ನಡಿಗಳು ಏಳುತ್ತವೆ. ಭೂಮಿಯನ್ನು ಸುತ್ತುವ ಆ ಹೊಳೆಯುವ ಹಾಳೆಗಳು ಆಚೆ ಬದಿಯ ಬಿಸಿಲನ್ನು ನಮ್ಮ ಹೊಲಗಳ ಮೇಲೆ ಚೆಲ್ಲುತ್ತವೆ. ಶೇಂಗಾ ಎರಡು ಪಟ್ಟು ಬೆಳೆಯುತ್ತದೆ. ಕೋಳಿಗಳು ಯಾವಾಗ ಕೂಗಬೇಕೆಂದು ತಿಳಿಯದೆ ಕೂಗುವುದನ್ನೇ ಬಿಟ್ಟಿವೆ. ಯಾರೂ ದೂರುವುದಿಲ್ಲ. ನಾನೂ ದೂರಿದವನಲ್ಲ, ಅವ್ವ ಕೇಳುವವರೆಗೆ.

ಅವ್ವನ ಹೆಸರು ಮಹಾಲಿಂಗಮ್ಮ, ನಕ್ಷತ್ರ ಕೃತ್ತಿಕೆ. ಗುಡಿಯಲ್ಲಿ ಅರ್ಚನೆ ಮಾಡಿಸುವಾಗ ಹೆಸರಿನ ಜೊತೆಗೆ ನಕ್ಷತ್ರ ಹೇಳುವ ಪದ್ಧತಿ ನಮ್ಮಲ್ಲಿ ಉಳಿದಿದೆ, ಆಕಾಶದಲ್ಲಿ ಆ ನಕ್ಷತ್ರಗಳು ಕಾಣುವುದು ಉಳಿದಿಲ್ಲ. ಆಕೆಯ ನೋಟದ ನಡುಭಾಗ ಮಸುಕಾಗುತ್ತಿದೆ. ಯುಗಾದಿಯ ಹೊತ್ತಿಗೆ ಸಣ್ಣದೇನೂ ಕಾಣದು ಎಂದು ವೈದ್ಯರು ಹೇಳಿದ ದಿನ, ಮನೆಗೆ ಬರುವ ದಾರಿಯಲ್ಲಿ ಅವ್ವ, “ಇಷ್ಟ್ ವರ್ಸ ನಕ್ಷತ್ರದ್ ಹೆಸರು ಹೇಳ್ದೆ, ಅದ್ರ ಮುಖ ನೋಡ್ಲಿಲ್ಲ. ಒಂದು ಫೋಟೋನಾದ್ರೂ ತೆಗ್ದು ತೋರ್ಸಪ್ಪ” ಎಂದಳು.

ಕಷ್ಟವೇನಲ್ಲ ಎಂದುಕೊಂಡೆ. ಎಲ್ಲರಂತೆ ನನ್ನಲ್ಲೂ ತುಂಬುಗಣ್ಣು ಇತ್ತು. ಅದು ನಮ್ಮ ಕಾಲದ ಕ್ಯಾಮೆರಾ, ಕಾಣದ್ದನ್ನು ತಾನೇ ತುಂಬಿಕೊಡುತ್ತದೆ. ತಾರಸಿಯ ಮೇಲೆ ಮೂಡಣಕ್ಕೆ ತಿರುಗಿಸಿ ನಿಲ್ಲಿಸಿದೆ. ನೀಲಿ ಹೊಗೆಯಲ್ಲಿ ಅದ್ದಿದಂತೆ ನೂರಾರು ಹರಳುಗಳ ಚಿತ್ರ ಬಂತು. ತಂಗಿ ಪಾಲಾಕ್ಷಿ ಚಿತ್ರ ನೋಡಿದಳು, ಆಮೇಲೆ ಕ್ಯಾಮೆರಾ ನೋಡಿದಳು.

“ಅಣ್ಣಾ, ಮುಚ್ಚಳ ತೆಗ್ದೇ ಇಲ್ಲ ನೀನು.”

ತೆಗೆದಿರಲಿಲ್ಲ. ಊರು, ದಿಕ್ಕು, ಹೊತ್ತು ಗೊತ್ತಿದ್ದರೆ ಅದಕ್ಕೆ ಸಾಕು, ಆಕಾಶ ಬೇಕಾಗಿರಲಿಲ್ಲ. ಪಾಲಾಕ್ಷಿ ಬೀದಿಗೆಲ್ಲ ಹೇಳಿದಳು. ಈಗ ನೆರೆಮನೆಯವರು ನನ್ನನ್ನು ಕಂಡರೆ ಎರಡೂ ಕಣ್ಣು ಮುಚ್ಚಿಕೊಂಡು, ಬಹಳ ಚೆನ್ನಾಗಿ ಕಾಣುತ್ತಿದ್ದೀರಿ ಅನ್ನುತ್ತಾರೆ. ಅವ್ವ ಮಾತ್ರ ನಗಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು ಎಣಿಸತೊಡಗಿ, ಅರ್ಧಕ್ಕೇ ಬಿಟ್ಟಳು. ಕೃತ್ತಿಕೆ ಅಂದರೆ ಆರು ಚುಕ್ಕೆ ಎಂದು ಆಕೆಯ ಅಜ್ಜಿ ಹೇಳಿದ್ದಳಂತೆ, ಆ ಅಜ್ಜಿಗೆ ಅವಳ ಅಜ್ಜಿ. “ಇದು ಯಾರ್ದೋ. ನಂದು ಆರೇ” ಎಂದು ಚಿತ್ರವನ್ನು ಹಿಂದಕ್ಕೆ ಕೊಟ್ಟಳು.

ಗುಜರಿ ಅಂಗಡಿಯಿಂದ ನಿಮ್ಮ ಕಾಲದ ಕ್ಯಾಮೆರಾ ತಂದೆ. ಯಾರೋ ಒಳಗಿನ ಭಾಗಗಳನ್ನು ಬದಲಿಸಿ ಅದನ್ನು ಬದುಕಿಸಿದ್ದರು. ಮನೆಯಲ್ಲಿ ಅದಕ್ಕೆ ಬರಿಗಣ್ಣು ಎಂದು ಹೆಸರು ಬಿತ್ತು. ಹೊಸಬರಿಗೆಂದು ನೀವು ಬರೆದಿಟ್ಟ ಸೂಚನೆಗಳೂ ಸಿಕ್ಕವು. ಮೊದಲು ಕತ್ತಲಿರುವ ಜಾಗಕ್ಕೆ ಹೋಗಿ, ಎಂದಿತ್ತು. ಆ ಸಾಲನ್ನು ದಾಟಲಾಗದೆ ಎಷ್ಟೋ ದಿನ ನಿಂತೆ. ಕೊನೆಗೆ ಗುಡ್ಡದ ಎರಡು ಬಂಡೆಗಳ ನಡುವೆ ಒಂದು ಸಂದು ಸಿಕ್ಕಿತು. ಒಂದು ಕನ್ನಡಿ ಇಳಿದು ಇನ್ನೊಂದು ಏಳುವ ಮುಂಚೆ ಅಲ್ಲಿ ತುಸು ಹೊತ್ತು ಮಬ್ಬು ಕವಿಯುತ್ತದೆ. ಮುಕ್ಕಾಲಿಯ ಮೇಲಿಟ್ಟು ಗುಂಡಿ ಒತ್ತಿದರೆ ಒತ್ತಿದ ಬೆರಳೇ ಚಿತ್ರವನ್ನು ಅಲ್ಲಾಡಿಸಿತು. ಫೋಕಸಿನ ಉಂಗುರವನ್ನು ಕೊನೆಯವರೆಗೆ ತಿರುಗಿಸಿದರೆ ನಕ್ಷತ್ರ ಸ್ಪಷ್ಟವಾಗುತ್ತದೆಂದು ನಂಬಿದ್ದೆ. ಆ ಜಾಗ ಕೊನೆಗಿಂತ ಕೂದಲೆಳೆಯಷ್ಟು ಹಿಂದಿದೆ ಎಂದು ತಿಳಿಯುವಷ್ಟರಲ್ಲಿ ಆಶ್ವಯುಜ ಮುಗಿದಿತ್ತು. ಹೆಚ್ಚು ಹೊತ್ತು ತೆರೆದಿಟ್ಟರೆ ಕನ್ನಡಿಗಳು ಎಳೆದ ಗೆರೆಗಳು, ಕಡಿಮೆ ಇಟ್ಟರೆ ಬರೀ ಬೂದು. ಗಾಜಿನ ಮೇಲೆ ಇಬ್ಬನಿ ಕೂತದ್ದನ್ನು ಒಮ್ಮೆ ಆಕಾಶಗಂಗೆ ಎಂದುಕೊಂಡು ಕುಣಿದಿದ್ದೇನೆ.

ಇದೆಲ್ಲಕ್ಕಿಂತ ಸಿಟ್ಟು ಬಂದದ್ದು ನಿಮ್ಮ ಮೇಲೆ. ಹೋಲಿಸಿ ನೋಡಲು ನಿಮ್ಮ ಚಿತ್ರಗಳನ್ನು ಹುಡುಕಿದೆ. ಸಿಕ್ಕವೆಲ್ಲ ತೊಳೆದವು. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಗೆರೆಗಳನ್ನು ಅಳಿಸಿ, ನೀಲಿಯನ್ನು ಏರಿಸಿ ಇಟ್ಟವು. ನಿಮ್ಮ ಕಾಲಕ್ಕೇ ಆಕಾಶಕ್ಕೆ ಉಪಗ್ರಹಗಳ ಗೆರೆ ಬೀಳತೊಡಗಿತ್ತು. ನೀವು ಅಳಿಸಿದಿರಿ, ಯಾರಿಗೂ ಕಾಣಲಿಲ್ಲ. ತುಂಬುಗಣ್ಣು ನೋಡಲು ಕಲಿತದ್ದು ಆ ಚಿತ್ರಗಳಿಂದ. ಮುಚ್ಚಳ ಹಾಕಿದವರು ನೀವು, ತೆಗೆಯಲು ಮರೆತವನು ನಾನು. ಮಾತು ಒರಟಾಯಿತೇನೋ. ನಯಗೊಳಿಸುವ ತಾಳ್ಮೆ ಈಗ ನನ್ನಲ್ಲಿಲ್ಲ.

ನಿನ್ನೆ ಸಂಜೆ ಒಂದು ಚಿತ್ರ ಅಲುಗದೆ ನಿಂತಿತು. ಗೆರೆಗಳ ಬಲೆ, ಅದರ ಹಿಂದೆ ಬೂದು ಬಣ್ಣ, ಆ ಬೂದಿನಲ್ಲಿ ಕೆಲವು ಚುಕ್ಕೆ. ದೊಡ್ಡದಾಗಿ ಅಚ್ಚು ಹಾಕಿಸಿ ಅವ್ವನ ತೊಡೆಯ ಮೇಲಿಟ್ಟೆ. ಮುಖ ಓರೆ ಮಾಡಿ, ನೋಟದ ಅಂಚಿನಿಂದ ಬಹಳ ಹೊತ್ತು ನೋಡಿದಳು. ಬೆರಳು ನಾಲ್ಕು ಕಡೆ ನಿಂತಿತು. ಯಾರೋ ಕಿತ್ತುಕೊಂಡಾರು ಎಂಬಂತೆ ಚಿತ್ರದ ಮೇಲೆ ಸೆರಗು ಎಳೆದುಕೊಂಡು, “ಇದು ನಂದೇ” ಎಂದಳು. ಆಮೇಲೆ, “ಇನ್ನೆರಡು ಎಲ್ಲೋ?” ಎಂದಳು.

ನಿಮ್ಮಲ್ಲಿವೆ. ಬರುವ ಕಾರ್ತಿಕದಲ್ಲಿ, ಊಟಕ್ಕೆ ಕೂರುವ ಮುಂಚೆ, ಮೂಡಣಕ್ಕೆ ಮುಖ ಮಾಡಿ ನಿಲ್ಲಿ. ಮುಚ್ಚಳ ತೆಗೆಯಿರಿ. ಅಲುಗಿದರೂ, ಗೆರೆ ಬಿದ್ದರೂ, ಒಂದೇ ಒಂದು ಚಿತ್ರವನ್ನು ತೊಳೆಯದೆ ಹಾಗೇ ಇಡಿ, ನಾನು ಹುಡುಕಿದರೆ ಸಿಗುವಂಥ ಕಡೆ. ನಿಮಗೆ ಬೇಕಾದಷ್ಟು ಕಾಲವಿದೆ. ನನಗಿರುವುದು ಯುಗಾದಿಯವರೆಗೆ.

ಮಹಾಲಿಂಗಮ್ಮನ ಮಗ