ಹಾಲೂಡುತ್ತಿದ್ದ ಆ ಚಿರತೆಯನ್ನು ಬಿಟ್ಟುಬಿಡಿ

ಮಾನ್ಯ ಅರಣ್ಯಾಧಿಕಾರಿಗಳೇ,

ನನ್ನ ಹೆಂಡತಿ ಮಾಲವ್ವನನ್ನು ಕೊಂದದ್ದೆಂದು ತಾವು ಬೋನಿಗೆ ಹಾಕಿರುವ ಚಿರತೆ ಅವಳನ್ನು ಕೊಂದಿಲ್ಲ. ಇದು ತಮಗೂ ಗೊತ್ತು. ಆದರೂ ಅದು ಬೋನಿನಲ್ಲೇ ಇದೆ.

ಕಾಡಿಗೆ ಹತ್ತಿದ ನಮ್ಮ ಗೋವಿನಜೋಳದ ಹೊಲದಲ್ಲಿ ಮಾಲವ್ವ ಮೇವು ಕೊಯ್ಯುತ್ತಿದ್ದಳು. ನಾನು ಎತ್ತುಗಳಿಗೆ ನೀರು ಕುಡಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಮ್ಮ ಜೊತೆ ಬಂದಿದ್ದ ವನ್ಯಜೀವಿ ವೈದ್ಯೆ ತಸ್ಲೀಮ ಅವರು ಗಾಯದಿಂದ ಚಿರತೆಯ ಜೊಲ್ಲಿನ ಮಾದರಿ ತೆಗೆದರು. “ಪ್ರತಿ ಚಿರತೀದೂ ಡಿಎನ್‌ಎ ಬ್ಯಾರೆ ಇರ್ತೈತ್ರಿ. ಕೊಂದಿದ್ದು ಯಾವ್ದು ಅಂತ ಇದರಿಂದ ಖಾತ್ರಿ ಆಕ್ಕೈತಿ. ಉಳಿದವು ಬದಕ್ತಾವು” ಎಂದರು.

ಪ್ರಯೋಗಾಲಯದ ವರದಿ ಬರುವ ಮೊದಲೇ ಬೋನಿಗೆ ಒಂದು ಚಿರತೆ ಬಿತ್ತು. ತಾವು ನನ್ನನ್ನು ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆಸಿದಿರಿ. “ಬಾಳೇಶ, ನಿನ್ನ ಹೆಂಡತೀನ್ನ ಕೊಂದಿದ್ದು ಇದ ನೋಡಪಾ. ಈಗರ ಸಮಾಧಾನ ಆತಿಲ್ಲೊ?” ಎಂದಿರಿ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅದರ ಮೊಲೆತೊಟ್ಟು ಒದ್ದೆಯಾಗಿದ್ದುದು ಮಾತ್ರ ಕಂಡಿತು.

“ಇದಕ್ಕ ಮರಿ ಅದಾವೇನ್ರಿ?” ಎಂದೆ.

“ಅದಾವ್ರಿ. ವರದಿ ಬರೂತನಕ ಇಲ್ಲೇ ಇಡೂಣು ಅಂತ ಹೇಳೇನಿ, ಸಾಹೇಬ್ರು ಕೇಳವಲ್ರು” ಎಂದರು ತಸ್ಲೀಮ.

ತಾವು ಅದನ್ನು ಬೋನಿನ ಸಮೇತ ದೂರ ಸಾಗಿಸಿದಿರಿ. ಅಪಾಯ ಕಳೆಯಿತೆಂದು ಮೈಕಿನಲ್ಲಿ ಸಾರಿಸಿದಿರಿ. ನಂಬಿದ ಹೆಂಗಸರು ಹೊಲಕ್ಕೆ ಹೋದರು. ನೆರೆಮನೆಯ ಗುರುಬಸವ್ವನ ಹೆಗಲಿಗೆ ಚಿರತೆ ಬಾಯಿ ಹಾಕಿತು. ಜನ ಕೂಗಾಡಿದ್ದರಿಂದ ಜೀವ ಉಳಿಯಿತು, ಬಲಗೈ ಇನ್ನೂ ಏಳುವುದಿಲ್ಲ. ಅವಳ ಗಾಯದ ಮಾದರಿಯೂ ಪರೀಕ್ಷೆಗೆ ಹೋಯಿತು. ಕೊನೆಗೆ ಪ್ರಯೋಗಾಲಯ ಹೇಳಿತು: ಇಬ್ಬರ ಮೈಮೇಲೂ ಇದ್ದದ್ದು ಒಂದೇ ಗಂಡು ಚಿರತೆಯ ಜೊಲ್ಲು. ತಾವು ಹಿಡಿದದ್ದು ಹೆಣ್ಣು. ಅದರ ಎರಡು ಮರಿಗಳು ಬಿದಿರುಮೆಳೆಯಲ್ಲಿ ಹಸಿದು ಸತ್ತಿದ್ದವು. ಮೊದಲು ನೋಡಿದವನು ನಾನೇ. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಅಳಿಯುತ್ತಿರುವ ಪ್ರಾಣಿಗಳನ್ನು ವಿಜ್ಞಾನದಿಂದ ಉಳಿಸುತ್ತೇವೆಂದು ತಾವು ಸಭೆಗಳಲ್ಲಿ ಭಾಷಣ ಮಾಡುತ್ತೀರಿ. ಬಹಳ ಸಂತೋಷ. ಉತ್ತರಕ್ಕೆ ಕಾಯುವ ವ್ಯವಧಾನವಿಲ್ಲದವರು ಪ್ರಶ್ನೆ ಕೇಳುವುದೇಕೆ? ಬೋನಿಗೆ ಬಿದ್ದದ್ದೇ ಅಪರಾಧಿಯಾದರೆ ಪ್ರಯೋಗಾಲಯ ಯಾರ ಶೋಭೆಗೆ? ನಾನು ವರದಿ ಹಿಡಿದು ಕೇಳಲು ಬಂದಾಗ, “ಈಗ ಬಿಟ್ರ ಜನಾ ಏನಂತಾರ?” ಎಂದಿರಿ. ಜನರೆಂದರೆ ನಾನಲ್ಲವೇ? ಗುರುಬಸವ್ವ ಅಲ್ಲವೇ? ನಾವೇ ಹೇಳುತ್ತಿದ್ದೇವೆ.

ಆ ಹೆಣ್ಣನ್ನು ಅದರ ಕಾಡಿಗೆ ಬಿಡಿ. ಕೊಂದ ಗಂಡು ಚಿರತೆಯನ್ನು ಗುರುತು ಖಚಿತಪಡಿಸಿಕೊಂಡು ಹಿಡಿಯಿರಿ. ಅಲ್ಲಿಯವರೆಗೆ ನಮ್ಮ ಹೊಲಗಳಿಗೆ ಕಾವಲು ಕೊಡಿ. ಆ ಬೋನಿನ ಫಲಕದ ಮೇಲೆ ‘ಮಾಲವ್ವನನ್ನು ಕೊಂದ ಚಿರತೆ’ ಎಂದು ಬರೆಸಿದ್ದೀರಂತೆ. ಅದನ್ನು ಇವತ್ತೇ ಅಳಿಸಿ.

ಇಂತಿ,
ಮೇವಿಗೆ ಈಗ ಒಬ್ಬನೇ ಹೋಗುವ
ಬಾಳೇಶ, ಚಿಗಳ್ಳಿ