ನ್ಯಾಯಾಧೀಶರಿಗೆ ಬಡ್ತಿ

ಒಪುಕಿರಿ,
ನವೆಂಬರ್ 14, 2022

ಪ್ರೀತಿಯ ಇನಾಯೆಬಿ ಅತ್ತಿಗೆ,

ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮದುವೆ ಇನ್ನೂ ಆಗದಿದ್ದರೂ ಅತ್ತಿಗೆ ಎಂದೇ ಬರೆಯುತ್ತೇನೆ, ಆರು ವರ್ಷದಿಂದ ಹಾಗೇ ಕರೆದು ರೂಢಿ. ಡೌಯೆ ಅಣ್ಣನ ತೀರ್ಪು ಏನಾಯಿತೆಂದು ಕೇಳಿದ್ದೀರಿ. ತೀರ್ಪು ಬರಲಿಲ್ಲ. ಈ ತಿಂಗಳೊಳಗೆ ಅವನು ಜೈಲಿನಿಂದ ಹೊರಗೆ ಬಾರದಿದ್ದರೆ ಲಾಗೋಸಿನ ಬೇರೆ ಗಂಡಿಗೆ ಮಾತು ಕೊಡುವುದಾಗಿ ನಿಮ್ಮ ಚಿಕ್ಕಪ್ಪ ಹೇಳಿರುವುದು ನನಗೆ ಗೊತ್ತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೀರ್ಪಿಗೆ ನಾಲ್ಕು ದಿನ ಇರುವಾಗ ರೇಡಿಯೋದಲ್ಲಿ ಸುದ್ದಿ ಬಂತು. ಅಣ್ಣ ಎಣ್ಣೆ ಪೈಪ್‌ಲೈನ್ ಒಡೆದನೆಂಬ ನಮ್ಮ ಕೇಸಿನ ನ್ಯಾಯಾಧೀಶರಿಗೆ ಬಡ್ತಿಯಾಗಿ, ಮೇಲ್ಮನವಿ ಕೋರ್ಟಿಗೆ ಹೋದರಂತೆ. ಅಮ್ಮ ಕುಣಿದೇಬಿಟ್ಟಳು. "ನೋಡ್ದೇನೇ, ನಮ್ಮ ಜಡ್ಜು ದೊಡ್ಡೋರಾದ್ರು! ಇನ್ನು ಅವ್ರ ಮಾತನ್ನ ತೆಗೆದುಹಾಕೋರು ಯಾರು?" ಎಂದಳು. ಭಾನುವಾರ ಒಂದು ಗೊನೆ ಬಾಳೆಕಾಯಿ, ಎರಡು ಹುಂಜ ಹೊತ್ತು ಕುಣಿಯುತ್ತಲೇ ಚರ್ಚಿನ ಮುಂದಕ್ಕೆ ಹೋಗಿ ದೇವರಿಗೆ ಅರ್ಪಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮಂಗಳವಾರ ದೋಣಿ ಹತ್ತಿ ಫೆಡರಲ್ ಹೈಕೋರ್ಟಿಗೆ ಹೋದೆವು. ಅಣ್ಣ ಹಾಕಿಕೊಂಡು ಬರಲೆಂದು ಅಮ್ಮ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ತಂದಿದ್ದಳು. ಒಳಗೆ ನ್ಯಾಯಾಧೀಶರ ಕುರ್ಚಿ ಖಾಲಿ. ನಮ್ಮ ವಕೀಲ ಅಮಾಕಿರಿಯವರು ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ, "ಅವರು ಹೋದ್ರು ಅಂದ್ರೆ ಕೇಸು ಇದ್ದಲ್ಲಿಗೇ ಬಂತಮ್ಮಾ. ಹೊಸ ಜಡ್ಜ್ ಮುಂದೆ ಎಲ್ಲಾ ಮೊದಲಿಂದ" ಎಂದರು.

"ಬರಕೊಂಡಿದ್ರಲ್ಲ ಸಾರ್? ನಾಕು ವರ್ಷ ಬರೆದ್ರಲ್ಲ?" ಎಂದಳು ಅಮ್ಮ.

"ಅವರು ಕೇಳಿದ್ದು ಅವರ ಕಿವೀಲಿ. ಹೊಸಬರು ತಮ್ಮ ಕಿವೀಲಿ ಕೇಳ್ಬೇಕು."

ನೀವು ಸಾಕ್ಷಿಕಟ್ಟೆ ಹತ್ತಿದವರಲ್ಲ ಅತ್ತಿಗೆ. ಅಲ್ಲಿ ನಾವು ಹೇಳಿದ್ದನ್ನೆಲ್ಲ ನ್ಯಾಯಾಧೀಶರೇ ಕೈಯಾರೆ ಬರೆದುಕೊಳ್ಳುತ್ತಾರೆ. "ಅವರ ಮುಖ ನೋಡ್ಬೇಡ, ಪೆನ್ನು ನೋಡ್ಕೊಂಡು ಮಾತಾಡು" ಎಂದು ವಕೀಲರು ನನಗೆ ಹೇಳಿಕೊಟ್ಟಿದ್ದರು. ಒಂದು ಮಾತು ಹೇಳಬೇಕು, ಪೆನ್ನು ನಿಲ್ಲುವ ತನಕ ಸುಮ್ಮನಿರಬೇಕು. ಪೈಪ್‌ಲೈನ್ ಒಡೆದ ದಿನ ಅಣ್ಣ ನನ್ನ ಜೊತೆ ಕೂತು ಬಲೆ ಸರಿಮಾಡುತ್ತಿದ್ದ ಎಂದು ಹೇಳಲು ಒಂದು ಇಡೀ ಬೆಳಗು ಹಿಡಿದಿತ್ತು. ಜನವರಿಯಲ್ಲಿ ಹೊಸಬರ ಮುಂದೆ ಅದನ್ನೇ ಮತ್ತೆ ಹೇಳಬೇಕು.

ಬುಧವಾರ ಜೈಲಿಗೆ ಹೋದೆ. ಅಣ್ಣ ನಕ್ಕ. "ಮೊದ್ಲು ಆ ಮ್ಯಾಜಿಸ್ಟ್ರೇಟು, ಪೈಪ್‌ಲೈನ್ ಕೇಸು ನಂದಲ್ಲ, ಫೆಡರಲ್ ಕೋರ್ಟಿಂದು ಅಂದ. ವಿಚಾರಿಸೋ ಅಧಿಕಾರ ಇಲ್ಲ, ಎರಡು ವರ್ಷ ಒಳಗೆ ಕೂರಿಸೋ ಅಧಿಕಾರ ಇತ್ತು ನೋಡು! ಕೊನೆಗೆ ಅಧಿಕಾರ ಇರೋನು ಸಿಕ್ಕಿದ್ರೆ, ದೇವ್ರು ಅವನನ್ನ ಮೇಲಕ್ಕೆತ್ತಿಬಿಟ್ಟ" ಎಂದ. ಅಮ್ಮ ಚರ್ಚಿನಲ್ಲಿ ಕುಣಿದದ್ದನ್ನು ನಾನು ಹೇಳಲಿಲ್ಲ.

ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಏನಮ್ಮಾ, ಹುಂಜ ವಾಪಸ್ ಕೇಳ್ಬಾರ್ದಾ?" ಎಂದಳು. "ಪಾದ್ರಿ ತಿಂದು ಕೈ ತೊಳೆದಾಯ್ತು ಕಣೇ" ಎಂದು ಅಮ್ಮ ಒಳಗೆ ಬಂದಳು. ಅಳುತ್ತಾಳೆಂದು ನೋಡಿದೆ. ಅಳಲಿಲ್ಲ. ಮರಗೆಣಸಿನ ಗಾರಿ ಹಿಟ್ಟು ಕಲಸಿದಳು, ಮೀನಿನ ಸಾರು ಬಿಸಿ ಮಾಡಿದಳು, ಇಬ್ಬರೂ ಉಂಡೆವು. ನನಗೂ ಅಳು ಬರಲಿಲ್ಲ. ಏನೂ ಅನ್ನಿಸುತ್ತಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ.

ಅಣ್ಣ ಧೈರ್ಯವಾಗಿದ್ದಾನೆ. ನೀವು ಹೇಗಿದ್ದೀರೆಂದು ಕೇಳಿದ. ಚಿಕ್ಕಪ್ಪನ ಹತ್ತಿರ ಇನ್ನೊಂದು ವರ್ಷ ಕೇಳಿ ನೋಡಿ ಅತ್ತಿಗೆ.

ನಿಮ್ಮನ್ನು ನೆನೆಯುವ
ಟಾರಿಲಾ

ಕೊನೆಗೊಂದು ಮಾತು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಅಣ್ಣ ನೀವು ಹೇಗಿದ್ದೀರೆಂದು ಕೇಳಲಿಲ್ಲ. ಅವನು ಹೇಳಿದ್ದು ಇದು: "ಅವಳಿಗೆ ಬರಿ. ಆ ಲಾಗೋಸಿನೋನು ಒಳ್ಳೆಯವನಾದ್ರೆ ಹೂಂ ಅನ್ನು ಅಂತ. ಅವಳು ಕಾಯ್ತಿದಾಳೆ ಅಂತ ಗೊತ್ತಿದ್ರೆ ನನಗಿಲ್ಲಿ ಇರಕ್ಕಾಗಲ್ಲ." ಬರೆಯುತ್ತೇನೆಂದು ಮಾತು ಕೊಟ್ಟು ಬಂದಿದ್ದೆ. ಇನ್ನೊಂದು ವರ್ಷ ಕೇಳಿ ಎಂದದ್ದು ನಾನು.