ಮಾವನವರ ಹಸಿರು ಬಣ್ಣ

ವಿಯೆಸ್ತೆ ಕಡಲತೀರ
ಆಗಸ್ಟ್ ತಿಂಗಳು

ಮಾವನವರಾದ ಎರ್ಮೆನೆಜಿಲ್ದೊ ಅವರಿಗೆ ಅಳಿಯ ತುಲ್ಲಿಯೊನ ನಮಸ್ಕಾರಗಳು.

ಮದುವೆಗೆ ತಾವು ಕೊಟ್ಟ, ಮಂಚ ಒಲೆ ಸಮೇತದ, ವಯಸ್ಸಿನಲ್ಲಿ ನನಗಿಂತ ಹಿರಿದಾದ ವ್ಯಾನು ಕ್ಷೇಮ. ಎಂಜಿನ್ ಎಷ್ಟು ಓಡಿದರೂ ಒಳಗಿನ ದೀಪ, ಫ್ರಿಜ್ಜುಗಳ ಬ್ಯಾಟರಿ ಮಾತ್ರ ಚಾರ್ಜ್ ಆಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಊರಿಗೆ ಊರೇ ರಜೆ ಹೋಗಿ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿರುವುದು ತಮಗೆ ಗೊತ್ತೇ ಇದೆ. ಪಕ್ಕದ ಡೇರೆಯಲ್ಲೇ ಒಬ್ಬ ಮೆಕ್ಯಾನಿಕ್ ಚಡ್ಡಿ ತೊಟ್ಟು ಮಲಗಿದ್ದಾನೆ. ಕೇಳಿದರೆ, "ರಜೆಯಲ್ಲಿ ಸ್ಪ್ಯಾನರ್ ಮುಟ್ಟಿದ್ರೆ ನನ್ನ ಹೆಂಡ್ತಿ ನನ್ನನ್ನ ಸಮುದ್ರಕ್ಕೆ ಎಸೀತಾಳೆ. ಸೆಪ್ಟೆಂಬರಿಗೆ ಬಾ ಮಾರಾಯ," ಎಂದ.

ನಾನೇ ವ್ಯಾನಿನಡಿ ನುಸುಳಿದೆ. ಫ್ಯೂಸ್ ಬದಲಿಸಿದೆ, ಹೊಸ ಬ್ಯಾಟರಿಯನ್ನೂ ಹಾಕಿದೆ. ಕೊನೆಗೆ, ಬ್ಯಾಟರಿಯನ್ನು ವ್ಯಾನಿನ ಮೈಗೆ ಜೋಡಿಸುವ ಅರ್ತ್ ತಂತಿಯ ಬೋಲ್ಟು ಬಿಚ್ಚಿದೆ. ತಾವು ಪ್ರೀತಿಯಿಂದ ಬಳಿದ ಹಸಿರು ಬಣ್ಣ ಅದರ ಬುಡಕ್ಕೂ ತಲುಪಿತ್ತು. ಬಣ್ಣ ಅಡ್ಡವಿದ್ದು ತಂತಿ ಕಬ್ಬಿಣವನ್ನು ಮುಟ್ಟಿಯೇ ಇರಲಿಲ್ಲ, ಕರೆಂಟು ಹರಿಯುವುದಾದರೂ ಹೇಗೆ?

ಇದನ್ನು ತಮ್ಮ ಮಗಳು ಲೊರೆದಾನಾಳಿಗೆ ಹೇಳಿದ್ದೇ ತಪ್ಪಾಯಿತು. "ನಮ್ಮಪ್ಪನ ಬಣ್ಣದಲ್ಲೇ ತಪ್ಪು ಹುಡುಕ್ತೀಯಾ? ಹಾಗಾದ್ರೆ ನೀನೂ ನಿನ್ನ ಬ್ಯಾಟರಿನೂ ಸಂಸಾರ ಮಾಡ್ಕೊಳ್ಳಿ!" ಎಂದು ಬಸ್ಸು ಹತ್ತಿದಳು. ತಮ್ಮಲ್ಲಿಗೇ ಬಂದಿರಬೇಕು.

ಕಾಸಿನಗಲ ಬಣ್ಣ ಕೆರೆದಿದ್ದೇನೆ, ಕ್ಷಮಿಸಿ. ಈಗ ಚಾರ್ಜ್ ಆಗುತ್ತಿದೆ. ಆದರೆ ಅವಳಿಗೆ, ತಂತಿಯನ್ನು ಇಲಿ ಕಡಿದಿತ್ತೆಂದು ತಿಳಿಸಿ. ಅಪವಾದ ಹೊರಲು ಇಲಿಗೇನೂ ಅಭ್ಯಂತರವಿಲ್ಲ. ಫ್ರಿಜ್ಜು ತಣ್ಣಗಿದೆ, ಅವಳ ಪೀಚ್ ಹಣ್ಣುಗಳನ್ನು ನಾನು ಮುಟ್ಟಿಲ್ಲ ಎಂದೂ ಸೇರಿಸಿ.

ನೆರೆಯವರು ವಿಚಾರಿಸಿದಾಗ, ಅವಳು ಬ್ರೆಡ್ ತರಲು ಹೋಗಿದ್ದಾಳೆ ಎಂದಿದ್ದೆ. ಈಗ ದಿನಾ ಬೆಳಿಗ್ಗೆ ಅವರೇ ನನಗೆ ಬ್ರೆಡ್ ತಂದುಕೊಡುತ್ತಿದ್ದಾರೆ.

ಇತಿ ತಮ್ಮ ಅಳಿಯ,
ತುಲ್ಲಿಯೊ